ಹೊಕ್ಕುಳ ಬಳ್ಳಿಯ ಅಂಟು

“ಬಳ್ಳಿ ಎಂತ ಆಯ್ತು?” ಎಂದು ಪೂವಮ್ಮ ಮತ್ತೊಮ್ಮೆ ಕೇಳಿದಾಗ ತೀರ್ಥರಾಮನ ಮುಖದ ತುಂಬ ಸಾಬೂನಿನ ನೊರೆಯಿತ್ತು. ನೊರೆ ಮೆತ್ತಿದ ಬಾಯಿಂದ ಅತ್ತೆಗೆ ಉತ್ತರ ಕೊಡುವುದು ಮರ್ಯಾದೆಯಲ್ಲ ಎಂದು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡು ಅವನು ಕನ್ನಡಿಯಲ್ಲಿ ತನ್ನ ಗದ್ದವನ್ನೇ ನೋಡುತ್ತ ನಿಂತ.

ಪೂವಮ್ಮ ಹೋಗಲಿಲ್ಲ. ಮಗಳ ಬಾಣಂತನಕ್ಕೆಂದು ಸಂಪಾಜೆಯಿಂದ ಪುತ್ತೂರಿಗೆ ಬಂದವಳು. ಎಣ್ಣೆ, ಕಷಾಯದ ಬೇರು, ಮೆತ್ತಗಾದ ಹಳೆಯ ಸೀರೆಗಳು, ಎಲ್ಲ ತಂದಿದ್ದಳು. ಮೀಯಿಸಲಿಕ್ಕೆ ಮಗು ಮಾತ್ರ ಇರಲಿಲ್ಲ. ಹೊಟ್ಟೆಯೊಳಗೇ ಬಳ್ಳಿ ಕೊರಳಿಗೆ ಸುತ್ತಿಕೊಂಡು ಗಂಡುಮಗು ಜೀವವಿಲ್ಲದೆ ಹೊರಗೆ ಬಂದಿತ್ತು.

“ಮಧ್ಯಾಹ್ನದ ಬಸ್ಸಿಗೆ ಹೊರಡುದು ನಾವು,” ಎಂದಳು. “ಬಳ್ಳಿ ಕೊಟ್ರೆ ಮಗುವಿನ ಒಟ್ಟಿಗೇ ಮಣ್ಣಿಗೆ ಹಾಕ್ಬಹುದು.”

“ಅದನ್ನೆಲ್ಲ ಬಿಸಾಡ್ತಾರೆ ಅತ್ತೆ.”

“ಮಗುವಿನ ಒಟ್ಟಿಗೆ ಬಂದ ಮಾಸು ಕೊಟ್ಟಿದ್ರಿ. ಮಾಸನ್ನು ಬಿಸಾಡದವರು ಬಳ್ಳಿ ಮಾತ್ರ ಬಿಸಾಡಿದ್ದಾ?”

ಕ್ಷೌರದ ಕತ್ತಿ ಜಾರಿತು. ಗದ್ದದ ನೊರೆಯ ಮೇಲೆ ಒಂದು ಕೆಂಪು ಗೆರೆ ಮೂಡಿದ್ದು ಕಂಡು ಪೂವಮ್ಮ, “ಅಯ್ಯೋ ದೇವರೇ, ಅರಸಿನ ತರ್ತೇನೆ,” ಎಂದು ಒಳಗೆ ಓಡಿದಳು. ಬೇಕೆಂದೇ ಕೊಯ್ದುಕೊಂಡೆನೇ ಎಂದು ತೀರ್ಥರಾಮನಿಗೆ ಒಂದು ಕ್ಷಣ ಸಂಶಯ ಬಂತು. ಟವೆಲು ಒತ್ತಿ ಹಿಡಿದ.

ಮಗುವನ್ನು ಹೂಳಿದ್ದು ಸಂಪಾಜೆಯಲ್ಲಿ. ಮಾವ ಕುಕ್ಕಪ್ಪ ಬಾಡಿಗೆ ಕಾರು ಮಾಡಿಕೊಂಡು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ತೊಡೆಯ ಮೇಲಿಟ್ಟುಕೊಂಡು, ಸುಳ್ಯ ದಾಟಿ ಘಾಟಿಯ ಬುಡದವರೆಗೆ ಒಯ್ದಿದ್ದ. ಪುತ್ತೂರಿನದು ಬಾಡಿಗೆ ಮನೆ, ಅಂಗಳದ ಮಣ್ಣೂ ಯಜಮಾನನದೇ. ತೀರ್ಥರಾಮ ಜೊತೆಗೆ ಹೋಗಿರಲಿಲ್ಲ. ಹೆಂಡತಿಯ ಹತ್ತಿರ ಯಾರಾದರೂ ಇರಬೇಕಲ್ಲ ಎಂದಿದ್ದ. ಕಾರು ಹೊರಟ ಮೇಲೆ ಆ ಹೊತ್ತನ್ನೆಲ್ಲ ಅವನು ಕಳೆದದ್ದು ತನ್ನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು.

ಶೀಲಾವತಿ ಮಂಚದ ಅಂಚಿನಲ್ಲಿ ಕೂತು ಸೀರೆ ಮಡಚುತ್ತಿದ್ದಳು. ಅವ್ವನೊಡನೆ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳುತ್ತಿದ್ದವಳು ಗಂಡ ಒಳಗೆ ಬಂದದ್ದೇ ಕನ್ನಡಕ್ಕೆ ತಿರುಗಿದಳು, ನೆಂಟರು ಬಂದಾಗ ಕಪಾಟಿನಿಂದ ಬೇರೆ ಲೋಟ ತೆಗೆಯುವ ಹಾಗೆ. ಅರೆಭಾಷೆ ಅವನಿಗೂ ತಾಯಿಯ ಭಾಷೆಯೇ. ಮದ್ರಾಸಿನಲ್ಲಿ ಡಾಕ್ಟರಿಕೆ ಓದಿ, ಅಲ್ಲೇ ಕೆಲಕಾಲ ಕಲಿಸುವ ಕೆಲಸ ಮಾಡಿ ತಿರುಗಿ ಬರುವಷ್ಟರಲ್ಲಿ ಅದು ಅವನ ಬಾಯಲ್ಲಿ ಅಣಕದಂತೆ ಕೇಳಿಸತೊಡಗಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಆಡಿದ್ದಕ್ಕೆ ಶೀಲಾವತಿ ನಕ್ಕಿದ್ದಳು. ಆಮೇಲೆ ಅವನು ಆಡಲಿಲ್ಲ. ಅವಳೂ ನಗಲಿಲ್ಲ.

“ಹುಡುಕಿ ತರ್ತೀರಾ?” ಎಂದಳು.

“ನೋಡ್ತೇನೆ.”

“ನಿಮ್ಮ ನೋಡ್ತೇನೆ ಅಂದ್ರೆ ಇಲ್ಲ ಅಂತ ಅರ್ಥ. ನನಗೆ ಗೊತ್ತುಂಟು.”

“ತರ್ತೇನೆ ಮಾರಾಯ್ತಿ.”

ಅವಳು ಸೀರೆಯ ಮಡಿಕೆಯನ್ನು ಅಂಗೈಯಿಂದ ತೀಡಿದಳು. “ತಂದ್ರೆ ನಾನೇ ಮಣ್ಣು ಮಾಡಿ ತಿರುಗಿ ಬರ್ತೇನೆ,” ಎಂದಳು. ತಾರದಿದ್ದರೆ ಏನು ಎಂದು ಹೇಳಲಿಲ್ಲ. ಕೇಳುವ ಧೈರ್ಯ ಅವನಿಗೂ ಇರಲಿಲ್ಲ.

ಅವಳು ಇದುವರೆಗೆ ಅತ್ತಿರಲಿಲ್ಲ. ಮೊದಲ ದಿನ, ಇನ್ನೂ ಮಂಪರಿನಲ್ಲಿದ್ದಾಗಲೇ, ಪೂವಮ್ಮ ಹಣೆ ಸವರಿ, “ಅಳ್ಬೇಡ ಮಗಾ, ಹೊಲಿಗೆಗೆ ನಂಜಾಗ್ತದೆ,” ಎಂದಿದ್ದಳು. ಈ ಸೀಮೆಯಲ್ಲಿ ನಂಜು ಎಂದರೆ ವಿಷವೂ ಹೌದು, ಗಾಯದ ಬಾವೂ ಹೌದು. ಬದನೆ ನಂಜು, ಒಣಮೀನು ನಂಜು, ಕೋಳಿ ನಂಜು. ಬಾಣಂತಿಯ ಕಣ್ಣೀರನ್ನೂ ಪೂವಮ್ಮ ಅದೇ ಸಾಲಿಗೆ ಸೇರಿಸಿದಳು. ತೀರ್ಥರಾಮನಿಗೆ ಇದೆಲ್ಲ ಸುಳ್ಳೆಂದು ಗೊತ್ತು. ಬದನೆಯ ವಿಷಯದಲ್ಲಿ ಅತ್ತೆಯೊಡನೆ ಹಿಂದೊಮ್ಮೆ ವಾದವನ್ನೂ ಮಾಡಿದ್ದ. ಆದರೆ ಆ ದಿನ ಅವನು, “ಅತ್ತೆ ಹೇಳುದು ಸರಿ, ಅತ್ತರೆ ಹೊಲಿಗೆ ಎಳೀತದೆ,” ಎಂದುಬಿಟ್ಟ. ಅವಳು ಅತ್ತರೆ ತಾನೆಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ಅವನಿಗೆ ತಿಳಿದಿರಲಿಲ್ಲ. ಶೀಲಾವತಿ ಇಬ್ಬರ ಮಾತನ್ನೂ ಕೇಳಿದಳು.

ಮಗುವನ್ನು ತೆಗೆಯಲು ಮಂಗಳೂರಿನಿಂದ ಬಂದ ಸರ್ಜನ್ ಕೊಯ್ದ ಹೊಟ್ಟೆಯ ಗಾಯವೂ ಹಾಗೆಯೇ ಮಾತು ಕೇಳಿತು. ಕೆಂಪಾಗಲಿಲ್ಲ, ಊದಲಿಲ್ಲ, ಕೀವು ಕಟ್ಟಲಿಲ್ಲ. ಹಾಗೆಂದು ಕೂಡಿಕೊಳ್ಳಲೂ ಇಲ್ಲ. ಹೊಲಿಗೆ ಬಿಚ್ಚಿದ ಮೇಲೆ ಕೆಳತುದಿಯಲ್ಲಿ ಬೆರಳುದ್ದ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿತ್ತು. ನಂಜಾಗಲಿಲ್ಲವೆಂದು ಪೂವಮ್ಮನಿಗೆ ಸಮಾಧಾನ. ತೀರ್ಥರಾಮನಿಗೆ ಹೆದರಿಕೆ. ಕೊನೆಗೆ ಅವನು ತಾನೇ ತಯಾರಿಸಿದ ಅಂಟನ್ನು ಹಚ್ಚತೊಡಗಿದ್ದ.

*

ಕ್ಲಿನಿಕ್ಕು ಬಸ್ ಸ್ಟ್ಯಾಂಡಿನ ಮೇಲಿನ ದಿಣ್ಣೆಯಲ್ಲಿತ್ತು. ಮುಂದೆ ರೋಗಿಗಳ ಬೆಂಚು, ನಡುವೆ ಹೆರಿಗೆಯ ಎರಡು ಮಂಚ, ಹಿಂದೆ ಅವನು ಲ್ಯಾಬೊರೇಟರಿ ಎಂದು ಕರೆಯುವ ಒಂದು ಇರುಕು ಕೋಣೆ. ನರ್ಸ್ ಲೈಸಾ ಅದನ್ನು “ಆ ಕೋಣೆ” ಎನ್ನುತ್ತಿದ್ದಳು, ಹೆಸರೆತ್ತಲು ಸಂಕೋಚದವಳಂತೆ. ಕೇರಳದಿಂದ ಬಂದು ನೆಲ್ಯಾಡಿ ಕಡೆ ಕಾಡು ಕಡಿದು ರಬ್ಬರು ನೆಟ್ಟ ಮನೆಯ ಹುಡುಗಿ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವಳು.

ಮದ್ರಾಸಿನಲ್ಲಿ ಅರ್ಧಕ್ಕೆ ಬಿಟ್ಟ ಸಂಶೋಧನೆಯನ್ನು ತೀರ್ಥರಾಮ ಆ ಕೋಣೆಯಲ್ಲಿ ಮುಂದುವರಿಸಿದ್ದ. ಅಥವಾ ಮುಂದುವರಿಸುತ್ತಿದ್ದೇನೆ ಎಂದು ನಂಬಿದ್ದ. ಹೊಕ್ಕುಳ ಬಳ್ಳಿಯೊಳಗೆ ಲೋಳೆಯಂಥ ಒಂದು ಅಂಟಿದೆ. ಬಳ್ಳಿಯನ್ನು ಅಸಿಟೋನಿನಲ್ಲಿ ನೆನೆಹಾಕಿ, ಒಣಗಿಸಿ, ಅರೆದು, ನೀರಿಗೆ ಬಿಟ್ಟು, ಸೋಸಿ, ಮೇಲಿಂದ ಸ್ಪಿರಿಟ್ಟು ಹೊಯ್ದರೆ ಅದು ಬಿಳಿ ನೂಲಿನಂತೆ ಮೇಲೇಳುತ್ತದೆ. ಅದೇ ಹಯಲುರಾನಿಕ್ ಆ್ಯಸಿಡ್. ಗಾಯವಾದ ಮೊದಲ ದಿನಗಳಲ್ಲಿ ಮೈ ತಾನಾಗಿಯೇ ಇದನ್ನು ಗಾಯದೊಳಗೆ ತುಂಬುತ್ತದೆ. ಅದು ನೀರು ಹಿಡಿಯುತ್ತದೆ, ಗಾಯ ಊದುತ್ತದೆ. ಊರವರು ನಂಜು ಎಂದು ಹೆದರುವ ಆ ಬಾವಿನ ಕೆಸರಿನಲ್ಲೇ ಹೊಸ ಜೀವಕೋಶಗಳು ನಡೆದು ಬರುತ್ತವೆ. ಆಮೇಲೆ ಅಂಟು ಕರಗುತ್ತದೆ, ಆ ಜಾಗದಲ್ಲಿ ನಾರು ಬೆಳೆಯುತ್ತದೆ, ಕಲೆ ಉಳಿಯುತ್ತದೆ. ಊದದ ಗಾಯ ಮಾಯುವುದೂ ಕಷ್ಟ. ಇದನ್ನು ಅವನು ಮದ್ರಾಸಿನ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದ. ಹೆಂಡತಿಗೆ ವಿವರಿಸುವ ಸಂದರ್ಭ ಬಂದಿರಲಿಲ್ಲ.

ಮಾಯದ ಹುಣ್ಣಿಗೆ ಹೊರಗಿನಿಂದಲೇ ಈ ಅಂಟನ್ನು ಹಚ್ಚಿದರೆ ಹೇಗೆ ಎಂಬುದು ಅವನ ಸ್ವಂತ ಯೋಚನೆ. ಅದಕ್ಕೇ ಕ್ಲಿನಿಕ್ಕಿನಲ್ಲಿ ಹೆರಿಗೆಯಾದಾಗಲೆಲ್ಲ ಬಳ್ಳಿಯನ್ನು ತೆಗೆದು ಅಸಿಟೋನಿನ ಬಾಟ್ಲಿಗೆ ಹಾಕಿಡಬೇಕೆಂದು ಲೈಸಾಳಿಗೆ ಹೇಳಿದ್ದ. ಲೈಸಾ ಹಾಕಿಡುತ್ತಿದ್ದಳು.

ಈ ಹೊತ್ತು ಅವನು ಬಂದವನೇ ಆ ಕೋಣೆಗೆ ಹೋಗಿ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ. ತಳದಲ್ಲಿ ಸುರುಟಿಕೊಂಡ ಒಂದೇ ಒಂದು ತುಂಡು.

“ಲೈಸಾ, ಬಾಕಿಯದ್ದೆಲ್ಲ ಎಲ್ಲಿ?”

“ಬಾಕಿಯದ್ದನ್ನು ನೀವೇ ಅರೆದಿರಲ್ಲ ಡಾಕ್ಟ್ರೆ. ಇದು ಮೊನ್ನೆಯ ಹೆರಿಗೆಯದ್ದು, ಮುನೀರಾಂದು.”

“ಶೀಲಾವತಿಯದ್ದು?”

ಲೈಸಾ ಕೈಯಲ್ಲಿದ್ದ ಸಿರಿಂಜಿನ ಡಬ್ಬಿಯನ್ನು ಕೆಳಗಿಟ್ಟಳು. “ಅದೂ ಅರೆದದ್ದರ ಒಟ್ಟಿಗೇ ಇತ್ತು,” ಎಂದಳು.

“ಅದನ್ನು ಹಾಕ್ಲಿಕ್ಕೆ ಯಾರು ಹೇಳಿದ್ದು?”

“ನೀವೇ. ನಾನು ಕೇಳಿದೆ ಅಲ್ಲ ಡಾಕ್ಟ್ರೆ, ಕೈಯಲ್ಲಿ ಹಿಡ್ಕೊಂಡೇ ಕೇಳಿದೆ. ಇದನ್ನು ಎಂತ ಮಾಡುದು ಅಂತ. ನೀವು ಕೈ ತೊಳೀತಾ ಇದ್ರಿ. ಯಾವಾಗಿನ ಹಾಗೇ ಅಂದ್ರಿ.”

ಯಾವಾಗಿನ ಹಾಗೇ.

ಅಂದಿದ್ದ. ಈಗ ತನ್ನ ಸ್ವರವೇ ಕಿವಿಗೆ ಬಂತು, ಸ್ವಲ್ಪ ದಣಿದ, ಸ್ವಲ್ಪ ಅಸಹನೆಯ, ಕೆಲಸ ಗೊತ್ತಿರುವ ಡಾಕ್ಟರನ ಸ್ವರ. ನಲ್ಲಿಯ ನೀರು ಬೀಳುತ್ತಿತ್ತು. ಹಿಂದೆ ಮಂಚದಲ್ಲಿ ಸರ್ಜನ್ ಹೊಲಿಗೆ ಹಾಕುತ್ತಿದ್ದರು. ಮೂಲೆಯಲ್ಲಿ, ತಕ್ಕಡಿಯ ಹತ್ತಿರ, ಬಟ್ಟೆ ಹೊದೆಸಿ ಇಟ್ಟದ್ದನ್ನು ನೋಡಬಾರದೆಂದು ಅವನು ಉಗುರುಗಳ ಸಂದಿಯನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಯಾರೋ ಏನೋ ಕೇಳಿದರು. ಉತ್ತರ ತಾನಾಗಿಯೇ ಬಾಯಿಗೆ ಬಂತು.

ಅರೆಯುವಾಗ ನನಗೆ ಗೊತ್ತಿರಲಿಲ್ಲವೇ? ಎಂದು ಕೇಳಿಕೊಂಡ. ಗೊತ್ತಿರಲಿಲ್ಲ. ಆದರೆ ಆ ದಿನ ಬಾಟ್ಲಿಯಿಂದ ತುಂಡುಗಳನ್ನು ತೆಗೆಯುವಾಗ ಯಾವುದು ಯಾರದೆಂದು ಎಂದಿನಂತೆ ಲೈಸಾಳನ್ನು ಕೇಳಿರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ. ಮಗನ ಮುಖವನ್ನು ತಾನು ಸರಿಯಾಗಿ ನೋಡಿಯೇ ಇಲ್ಲವೆಂದು ಆಗ ನೆನಪಾಯಿತು. ಆ ಮಗುವಿನ ಮೈಯದ್ದೆಂದು ಅವನ ಕೈ ಮುಟ್ಟಿದ್ದು ಅರೆದ ಆ ಬಳ್ಳಿಯೊಂದನ್ನೇ.

“ನೀರು ತರಲಾ ಡಾಕ್ಟ್ರೆ?”

“ಬೇಡ. ಒಂದು ತುಂಡು ಪಟ್ಟಿಯ ಬಟ್ಟೆ ಕೊಡು.”

ಅವನು ಚಿಮಟದಿಂದ ಬಾಟ್ಲಿಯ ತಳದಲ್ಲಿದ್ದುದನ್ನು ಎತ್ತಿ, ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತತೊಡಗಿದ.

“ಅದು ಮುನೀರಾಂದು,” ಎಂದಳು ಲೈಸಾ.

“ಗೊತ್ತುಂಟು.”

ಲೈಸಾ ಶಿಲುಬೆಯ ಸರವನ್ನು ಹಿಡಿದುಕೊಂಡು ಹೊರಗೆ ಹೋದಳು. ಹೊರಗಿನಿಂದ, “ಮಾಥ್ಯೂ ಚೇಟನ್ ಬಂದಿದ್ದಾರೆ,” ಎಂದು ಕೂಗಿದಳು.

*

ಲೈಸಾ ಅಣ್ಣನೆಂದು ಕರೆಯುವ ಕಡಬದ ಮಾಥ್ಯೂ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದ. ಪಕ್ಕದಲ್ಲಿ ಮರಗೆಣಸಿನ ಗೋಣಿ. ಕಾಡು ಸವರುವಾಗ ಕತ್ತಿ ತಾಗಿ ಆದ ಗಾಯ ಹುಣ್ಣಾಗಿ, ಎರಡು ಮಳೆಗಾಲ ಕಳೆದರೂ ಮಾಯದೆ, ಊರುಗೋಲು ಹಿಡಿದು ಬಂದವನು. ಮೊದಲ ದಿನ ತೀರ್ಥರಾಮ ಹೆಮ್ಮೆಯಿಂದ, “ಇದೊಂದು ಆ್ಯಸಿಡ್, ಹೊಸತು,” ಎಂದಾಗ ಮಾಥ್ಯೂ ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. “ಆ್ಯಸಿಡ್ಡಾ? ರಬ್ಬರು ಹಾಲು ಗಟ್ಟಿ ಮಾಡ್ಲಿಕ್ಕೆ ನಾವು ಹಾಕುದಲ್ಲವಾ ಡಾಕ್ಟ್ರೆ? ಕೈಗೆ ಬಿದ್ರೆ ಚರ್ಮ ಹೋಗ್ತದೆ!” ಎಂದು ಬೆಂಚಿನವರನ್ನೆಲ್ಲ ನಗಿಸಿದ್ದ. ಹೆಸರಿಗೆ ಮಾತ್ರ ಆ್ಯಸಿಡ್ಡು, ಸುಡುವುದಿಲ್ಲ ಎಂದರೂ ನಂಬಲಿಲ್ಲ. ಅಂದಿನಿಂದ ತೀರ್ಥರಾಮ ಅದನ್ನು ಬರೇ ಅಂಟು ಎನ್ನುತ್ತಿದ್ದ.

“ನೋಡಿ,” ಎಂದು ಮಾಥ್ಯೂ ಪಟ್ಟಿಯನ್ನು ತಾನೇ ಬಿಚ್ಚಿದ.

ಹುಣ್ಣು ಮುಚ್ಚಿತ್ತು. ಕಪ್ಪಾದ, ಒರಟಾದ ಮೊಣಕಾಲಿನ ಕೆಳಗೆ ಅಂಗೈಯಗಲದ ಹೊಸ ಚರ್ಮ, ತಿಳಿಗೆಂಪು, ತೆಳ್ಳಗೆ. ತಿಂಗಳ ಹಿಂದೆ ಇದನ್ನು ನೋಡಿದ್ದರೆ ತೀರ್ಥರಾಮ ಅಳತೆ ಪಟ್ಟಿ ತರಿಸುತ್ತಿದ್ದ, ಮದ್ರಾಸಿಗೆ ಬರೆಯಬೇಕಾದ ಪ್ರಬಂಧದ ಮೊದಲ ಸಾಲು ಮನಸ್ಸಿನಲ್ಲೇ ಬರೆಯುತ್ತಿದ್ದ.

“ಮುಟ್ಟಿ ನೋಡಿ ಡಾಕ್ಟ್ರೆ. ಎಷ್ಟು ಮೆತ್ತಗೆ! ಹುಟ್ಟಿದ ಮಗುವಿನ ಚರ್ಮದ ಹಾಗೆ ಉಂಟು. ನನ್ನ ಹೆಂಡತಿ ಮರಿಯ ಹೇಳುದು, ನಿಮ್ಮ ಮೈಯಲ್ಲಿ ಅಷ್ಟು ಜಾಗ ಮಾತ್ರ ಚಂದ ಅಂತ.” ಮಾಥ್ಯೂ ಗಟ್ಟಿಯಾಗಿ ನಕ್ಕ.

ತೀರ್ಥರಾಮ ಮುಟ್ಟಿದ. ಬೆಚ್ಚಗಿತ್ತು. ಅವನ ಬೆರಳು ಆ ಜಾಗವನ್ನು ಬಿಟ್ಟು ಬರಲಿಲ್ಲ. ಡಾಕ್ಟರರು ಪರೀಕ್ಷೆ ಮಾಡುತ್ತಿದ್ದಾರೆಂದು ಮಾಥ್ಯೂ ನಗು ನಿಲ್ಲಿಸಿ, ಉಸಿರು ಹಿಡಿದು, ಬಹಳ ಹೊತ್ತು ಕಾಲನ್ನು ಅಲುಗಿಸದೆ ಕೂತ.

“ಎಂತಾದ್ರೂ ಉಂಟಾ?” ಎಂದು ಕೊನೆಗೆ ಮೆಲ್ಲಗೆ ಕೇಳಿದ.

“ಇಲ್ಲ. ಪೂರ್ತಿ ಗುಣ ಆಯ್ತು.”

“ಕರ್ತಾವು ದೇವರು ನಿಮ್ಮ ಮಕ್ಕಳನ್ನು ಚೆನ್ನಾಗಿ ಇಡ್ಲಿ,” ಎಂದು ಮಾಥ್ಯೂ ಎದ್ದು ನಿಂತು ಕೈ ಮುಗಿದ. ಬಾಗಿಲಿನಲ್ಲಿ ನಿಂತಿದ್ದ ಲೈಸಾ ಮುಖ ತಿರುಗಿಸಿದಳು. ತೀರ್ಥರಾಮ ಗೆಣಸಿಗೆ ಥ್ಯಾಂಕ್ಸ್ ಹೇಳಿದ.

*

ಬಟ್ಟೆಯ ಪೊಟ್ಟಣವನ್ನು ಪೂವಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಚ್ಚಿ ನೋಡಲಿಲ್ಲ. ಹಣೆಗೆ ಮುಟ್ಟಿಸಿ, ಅಡಿಗೆಮನೆಗೆ ಹೋಗಿ, ಒಲೆಯ ಮುಂದೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳಿಗೆ ಹೊಲಿಗೆಯಿರಲಿಲ್ಲ. ಅಳಬಹುದಿತ್ತು. ತೀರ್ಥರಾಮ ಆ ಸದ್ದನ್ನು ಕೇಳುತ್ತ ಬೇಸಿನ್ನಿನಲ್ಲಿ ಕೈ ತೊಳೆದ.

ಶೀಲಾವತಿಯ ಪಟ್ಟಿ ಬದಲಿಸಬೇಕಿತ್ತು. ಪ್ರಯಾಣದಲ್ಲಿ ಸಡಿಲವಾಗದ ಹಾಗೆ ಬಿಗಿಯಾಗಿ ಕಟ್ಟಬೇಕು. ಅವಳು ಅಂಗಾತ ಮಲಗಿ ಮಾಡಿನ ಹಂಚುಗಳನ್ನು ನೋಡುತ್ತಿದ್ದಳು. ಅವನು ಹಳೆಯ ಪಟ್ಟಿ ತೆಗೆದ. ಗಾಯ ಚೆನ್ನಾಗಿತ್ತು. ಕೆಳತುದಿಯ ಬಾಯಿ ಕಿರಿದಾಗಿ, ಒಳಗೆ ದಾಳಿಂಬೆಯ ಬಣ್ಣದ ಹೊಸ ಮಾಂಸ ತುಂಬುತ್ತಿತ್ತು. ಸುತ್ತ ತುಸು ಬಾವು ಕೂಡ ಇತ್ತು, ಇರಬೇಕಾದಷ್ಟು.

“ಅದು ನಮ್ಮದಾ?” ಎಂದಳು.

“ಯಾವುದು?”

“ಅವ್ವನಿಗೆ ಕೊಟ್ಟದ್ದು.”

“ಯಾಕೆ ಹಾಗೆ ಕೇಳ್ತಿ?”

“ಕೊಡುವಾಗ ನಿಮ್ಮ ಮುಖ ನೋಡಿದೆ. ರೋಗಿಗಳಿಗೆ ಏನೂ ಆಗುದಿಲ್ಲ ಅಂತ ಹೇಳ್ತೀರಲ್ಲ, ಆ ಮುಖ.”

ಅವನು ಗಾಯದ ಅಂಚನ್ನು ಹತ್ತಿಯ ಉಂಡೆಯಿಂದ ಒರೆಸಿದ. ಸುಳ್ಳು ಹೇಳಲು ಎಲ್ಲವೂ ಅನುಕೂಲವಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ಒಂದು ಹೌದು ಸಾಕಿತ್ತು. ಅವಳು ಮಣ್ಣು ಮಾಡಿ ತಿರುಗಿ ಬರುತ್ತಿದ್ದಳು.

“ಅಲ್ಲ,” ಎಂದ.

“ನಮ್ಮದೆಲ್ಲಿ?”

ಅವನ ಬೆರಳು ಗಾಯದ ಪಕ್ಕದಲ್ಲೇ ಇತ್ತು. ತೆಗೆಯಲಿಲ್ಲ. “ಇಲ್ಲಿ,” ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳಿದ. ಬಾಟ್ಲಿ, ಅರೆಯುವುದು, ಬಿಳಿ ನೂಲು, ಗಾಯ ಊದುವುದು, ಕೋಶಗಳು ನಡೆದು ಬರುವುದು. ಎಲ್ಲವನ್ನೂ ಕ್ರಮವಾಗಿ, ಸ್ಪಷ್ಟವಾಗಿ ಹೇಳಿದ. ಮದುವೆಯಾದಂದಿನಿಂದ ಅವಳೊಡನೆ ಇಷ್ಟು ದೀರ್ಘವಾಗಿ ಅವನು ಯಾವುದರ ಬಗ್ಗೆಯೂ ಮಾತಾಡಿರಲಿಲ್ಲ. ಲೈಸಾ ಕೇಳಿದ್ದನ್ನೂ ತಾನು ಹೇಳಿದ ಉತ್ತರವನ್ನೂ ಬಿಡಲಿಲ್ಲ.

ಶೀಲಾವತಿ ಹಂಚಿನಿಂದ ಕಣ್ಣು ತೆಗೆಯಲಿಲ್ಲ. “ಪೂರ್ತಿ ನನಗೇ ಹಚ್ಚಿದಿರಾ?”

“ಸ್ವಲ್ಪ ಇನ್ನೊಬ್ಬರಿಗೆ. ಕಡಬದವರು. ಕಾಲಿಗೆ.”

“ಅವರಿಗೆ ಮಾಯ್ತಾ?”

“ಮಾಯ್ತು.”

“ಈಗ ಅವರ ಕಾಲಲ್ಲಿ ಉಂಟಾ ಅದು?”

“ಇಲ್ಲ. ಗಾಯ ಮಾಯುವಾಗ ಕರಗಿ ಹೋಗ್ತದೆ. ಮೈಯೇ ಕರಗಿಸ್ತದೆ.”

“ನನ್ನದರಲ್ಲಿ?”

“ಚೂರು ಇದ್ದೀತು.”

“ಎಷ್ಟು ದಿನ?”

“ಮಾಯುವ ವರೆಗೆ.”

ಅಡಿಗೆಮನೆಯಲ್ಲಿ ಪೂವಮ್ಮ ಮೂಗು ಸೀಟಿ ಪಾತ್ರೆ ತೊಳೆಯತೊಡಗಿದ್ದಳು. ಶೀಲಾವತಿ ನಿಧಾನವಾಗಿ ಕೈ ತಂದು ಗಾಯದ ಮೇಲೆ, ಮುಟ್ಟದ ಹಾಗೆ, ಬಿಸಿಲಿಗೆ ಮರೆ ಹಿಡಿಯುವಂತೆ ಹಿಡಿದಳು.

“ಹಾಗಾದ್ರೆ ಇದು ಮಾಯುದು ಬೇಡ,” ಎಂದಳು.

“ಹುಚ್ಚು ಮಾತು ಆಡ್ಬೇಡ ಶೀಲಾ.”

“ಅವ್ವನಿಗೆ ಹೇಳ್ಬೇಡಿ. ಅದನ್ನೇ ನಮ್ಮದು ಅಂತ ಅವರು ಮಣ್ಣು ಮಾಡ್ಲಿ.”

ತೀರ್ಥರಾಮನಿಗೆ ಅಳು ಬಂತು. ಅವಳ ಕಾಲ ಬುಡದಲ್ಲಿ ಮುಖವಿಟ್ಟು, ನಾನು ಅವನ ಮುಖ ನೋಡಲಿಲ್ಲ ಕಣೇ, ಅವನು ಯಾರ ಹಾಗಿದ್ದ ಹೇಳು ಎಂದು ಕೇಳಬೇಕೆನಿಸಿತು. ಆ ಮಾತು ಅರೆಭಾಷೆಯಲ್ಲೇ ಬಾಯಿಯ ವರೆಗೆ ಬಂತು. ಅವಳು ನಕ್ಕರೆ? ನಗದಿದ್ದರೆ? ಅವನು ಹೊಸ ಪಟ್ಟಿ ಎತ್ತಿಕೊಂಡು ಸುತ್ತತೊಡಗಿದ. ಗಂಟು ಬಿಗಿಯಾಗಿ ಬಿತ್ತು.

“ತಿರುಗಿ ಬರ್ತಿಯಲ್ಲ?”

“ಸೆರಗು ಕೊಡಿ,” ಎಂದಳು.

*

ಬಸ್ ಸ್ಟ್ಯಾಂಡಿನ ಬದಿಯಲ್ಲಿ ದುಗ್ಗಪ್ಪನೆಂಬವನು ಗೋಣಿ ಹಾಸಿ ತರಕಾರಿ ಹರಡಿಕೊಂಡಿದ್ದ. ಮೆಲ್ಲಗೆ ನಡೆಯುತ್ತಿದ್ದ ಶೀಲಾವತಿ ಅಲ್ಲಿ ನಿಂತಳು.

“ಅವ್ವಾ, ಮನೆಯಲ್ಲಿ ಬದನೆ ಉಂಟಾ?”

“ಬದನೆಯಾ? ಈಗ ಎಂತಕೆ?”

“ತಿನ್ಬೇಕು ಅಂತ ಆಗ್ತದೆ.”

“ನಂಜು ಮಗಾ! ಗಾಯ ಮಾಯುವ ವರೆಗೆ ಅದರ ಹೆಸರು ಎತ್ಬಾರ್ದು.”

“ಒಣಮೀನು?”

ಪೂವಮ್ಮ ಕಂಕುಳಲ್ಲಿದ್ದ ಚೀಲವನ್ನು ಸರಿಪಡಿಸಿಕೊಂಡು ಮೊದಲ ಬಾರಿಗೆ ನಕ್ಕಳು. ಬಟ್ಟೆಯ ಪೊಟ್ಟಣ ಆ ಚೀಲದಲ್ಲಿತ್ತು. “ನೋಡಿ ಅಳಿಯಂದಿರೇ, ನಾಲಿಗೆಗೆ ರುಚಿ ಬಂತು ಇವಳಿಗೆ. ಇನ್ನು ಹೆದರಿಕೆ ಇಲ್ಲ. ಗುಣ ಆಗ್ತಾ ಉಂಟು.”

ಶೀಲಾವತಿ ಗೋಣಿಯ ಮೇಲಿನ ಬದನೆಗಳನ್ನೇ ನೋಡುತ್ತಿದ್ದಳು. ಅವಳೇನು ಕೇಳುತ್ತಿದ್ದಾಳೆಂದು ತೀರ್ಥರಾಮನೊಬ್ಬನಿಗೆ ಗೊತ್ತಾಯಿತು. ಬದನೆಯಿಂದ ಏನೂ ಆಗುವುದಿಲ್ಲ, ಅದು ಬರೇ ತರಕಾರಿ ಎಂದು ಹಿಂದೊಮ್ಮೆ ವಾದಿಸಿದವನು ಈಗ ಬಾಯಾರಿದವನಂತೆ ತುಟಿ ನೆಕ್ಕಿಕೊಂಡ.

“ಕೊಡ್ಬೇಡಿ ಅತ್ತೆ,” ಎಂದ. “ನಂಜು.”

ಪೂವಮ್ಮ ಅವನನ್ನು ಬೆರಗಿನಿಂದ ನೋಡಿದಳು. ಅಷ್ಟು ಓದಿದ ಅಳಿಯ ಕೊನೆಗೂ ದಾರಿಗೆ ಬಂದನೆಂದು ಅವಳ ಮುಖ ಅರಳಿತು. “ಇಲ್ಲಪ್ಪ, ಕೊಡುದಿಲ್ಲ. ನಾನಿದ್ದೇನಲ್ಲ,” ಎಂದಳು. ಶೀಲಾವತಿ ಅವನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ದಾರಿಯಲ್ಲಿ ಅಡ್ಡ ಬಂದ ಅಪರಿಚಿತನನ್ನು ನೋಡುವಷ್ಟೇ ನೋಡಿದಳು.

ಸುಳ್ಯ, ಸಂಪಾಜೆಯ ಮೇಲೆ ಮಡಿಕೇರಿಗೆ ಹೋಗುವ ಬಸ್ಸು ಬಂದು ನಿಲ್ಲುವ ಮೊದಲೇ ತುಂಬಿಹೋಗಿತ್ತು. ಬಾಗಿಲಲ್ಲಿ ನೂಕುನುಗ್ಗಲು. ಪೂವಮ್ಮ ಮುಂದೆ ಹತ್ತಿ ಮಗಳ ಕಡೆ ಕೈ ನೀಡಿದಳು. ಶೀಲಾವತಿ ಆ ಕೈಯನ್ನು ಹಿಡಿಯಲಿಲ್ಲ. ಎರಡು ಕೈಗಳನ್ನೂ ಸೆರಗಿನ ಮೇಲಿಂದ ಕೆಳಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು ಜಾಗ್ರತೆಯಿಂದ ಹತ್ತಿದಳು. ಯಾರ ಮೈಯೂ ತಾಗದ ಹಾಗೆ ಭುಜ ಮುಂದಕ್ಕೆ ಬಾಗಿಸಿದ್ದಳು.

“ಏ ಸ್ವಾಮೀ, ಮುಂದಿನ ಸೀಟಿನವರೇ!” ಎಂದು ಕಂಡಕ್ಟರು ಕೂಗಿದ. “ಸ್ವಲ್ಪ ಏಳಿ ಮಾರಾಯ್ರೆ, ಬಸುರಿ ಹೆಂಗಸು ಉಂಟು. ಕಾಣುದಿಲ್ಲವಾ?”

ಯಾರೋ ಎದ್ದರು. ಯಾರೋ ಗಂಟು ಸರಿಸಿದರು. ಪೂವಮ್ಮನ ಬಾಯಿ ತೆರೆದುಕೊಂಡಿತು. ಅವಳು ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಶೀಲಾವತಿ ಕಿಟಕಿಯ ಪಕ್ಕದ ಆ ಜಾಗದಲ್ಲಿ ಕೂತಾಗಿತ್ತು. ಕೈಗಳು ಇದ್ದಲ್ಲೇ ಇದ್ದವು.

ತೀರ್ಥರಾಮ ಕಿಟಕಿಯ ಕೆಳಗೆ ಹೋಗಿ ನಿಂತ. ಅವಳು ಅವನನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, ಸುಳ್ಯದ ಕಡೆಯವಳಿರಬೇಕು, ಅವಳ ಕಡೆ ಬಾಗಿ ಸಲಿಗೆಯಿಂದ ಕೇಳಿದ್ದು ಅವನಿಗೂ ಕೇಳಿಸಿತು. “ಎಷ್ಟು ತಿಂಗಳು ಮಗಾ?”

ಇಂಜಿನ್ ಗುಡುಗಿತು. ಶೀಲಾವತಿಯ ತುಟಿ ಅಲುಗಿದ್ದು ಕಂಡಿತು. ಏನೆಂದಳೆಂದು ಕೇಳಿಸಲಿಲ್ಲ. ಆ ಹೆಂಗಸು ಮಾತ್ರ ಸಂತೋಷದಿಂದ ತಲೆಯಾಡಿಸಿ, ತನ್ನ ಚೀಲವನ್ನು ಕಾಲ ಬಳಿಗೆ ಇಳಿಸಿ, ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು. ಹಿಂದೆ ನಿಂತಿದ್ದ ಪೂವಮ್ಮ ಕಂಬಿಗೆ ಹಣೆ ಒತ್ತಿದ್ದಳು.

“ಮೆಲ್ಲ ಹೋಗಲಿ, ಅಮ್ಮ ಉಂಟು,” ಎಂದು ಕಂಡಕ್ಟರು ಡ್ರೈವರಿಗೆ ಕೂಗಿ ಸೀಟಿ ಊದಿದ. ಅಷ್ಟು ದೊಡ್ಡ ಬಸ್ಸು ಒಂದೊಂದೇ ಹೊಂಡವನ್ನು ತಪ್ಪಿಸಿಕೊಂಡು, ಬಹಳ ಜೋಪಾನವಾಗಿ, ಸುಳ್ಯದ ದಾರಿ ಹಿಡಿಯಿತು.